ಕಾರಿನ ಸ್ಪೀಕರ್: ಸದ್ದೂ ಜೋರಿರಲಿ, ದನಿಯೂ ಒಡೆಯದಿರಲಿ

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 300 ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ನೋಡಿಯೇ ಜನ ಸ್ಪೀಕರ್ ಕೊಳ್ಳುತ್ತಾರೆ. ಮನೆಗೆ ತಂದು ಕಾರಿನ ಜೊತೆ ಬಂದ ಸ್ಟೀರಿಯೋಗೇ ಜೋಡಿಸುತ್ತಾರೆ. ಸದ್ದು ಸಾಲದು ಅನ್ನಿಸಿದಾಗ ವಾಲ್ಯೂಮ್ ಕೊನೆಯವರೆಗೂ ಏರಿಸುತ್ತಾರೆ. ಹಾಡುವವರ ದನಿ ಕೀರಲಾಗುತ್ತದೆ, ಬಾಗಿಲು ಗಡಗಡ ಅನ್ನುತ್ತದೆ, ಸ್ವಲ್ಪ ದಿನಕ್ಕೆ ಟ್ವೀಟರ್, ಅಂದರೆ ಕೀಚಲು ಸದ್ದು ನುಡಿಸುವ ಪುಟ್ಟ ಸ್ಪೀಕರ್, ಸುಟ್ಟುಹೋಗುತ್ತದೆ. ಪುಣೆಯಲ್ಲಿರುವ ನಮ್ಮ ಕನ್ನಡದ ಗೆಳೆಯರ ಕಾರುಗಳಲ್ಲಿ ಇದೇ ಕತೆಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಬ್ಬಕ್ಕೆ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಟರೆ ಆರೇಳು ಗಂಟೆ ಕಾರಿನಲ್ಲೇ ಕೂರಬೇಕು. ಅಷ್ಟು ಹೊತ್ತು ಕೇಳುವ ಹಾಡು ಕಿವಿಗೆ ಹಿತವಾಗಿರಬೇಕು, ಅಲ್ವಾ?

ಜೋರು ಬೇಕಾದರೆ ಇಂಪು ಬಿಡಬೇಕು ಅಂತ ಎಷ್ಟೋ ಅಂಗಡಿಗಳಲ್ಲಿ ಹೇಳುತ್ತಾರೆ. ಒಪ್ಪಬೇಡಿ. ಸದ್ದು ಒಡೆಯದೆ ಎಷ್ಟು ಏರುತ್ತದೋ ಅದೇ ನಿಮ್ಮ ಕಾರಿನ ನಿಜವಾದ ಜೋರು. ಸೆನ್ಸಿಟಿವಿಟಿ (ಕಡಿಮೆ ಶಕ್ತಿಯಲ್ಲೇ ಹೆಚ್ಚು ಸದ್ದು ಮಾಡುವ ಗುಣ) ಜಾಸ್ತಿ ಇರುವ ಸ್ಪೀಕರ್, ಬಿಗಿಯಾದ ಬಾಗಿಲು, ಆ್ಯಂಪ್ (ಸ್ಟೀರಿಯೋದ ಸಂಕೇತಕ್ಕೆ ಶಕ್ತಿ ತುಂಬುವ ಬೇರೆ ಪೆಟ್ಟಿಗೆ) ಹಾಕಿಸಿದ್ದರೆ ಅದರಲ್ಲಿ ಸರಿಯಾಗಿ ಕೂರಿಸಿದ ಗೇನ್ ತಿರುಪು, ಈ ಮೂರು ಇದ್ದರೆ ಎರಡೂ ಸಿಗುತ್ತದೆ.

ಹಂತ 1: ಅಳತೆ

ಮುಂದಿನ ಬಾಗಿಲಿನ ಟ್ರಿಮ್ (ಒಳಗಡೆಯ ಹೊದಿಕೆ) ಬಿಚ್ಚಿ, ಹಳೆಯ ಸ್ಪೀಕರ್‌ನ ಅಗಲ ಮತ್ತು ಹಿಂದಿರುವ ಜಾಗದ ಆಳ ಅಳೆಯಿರಿ. ನಮ್ಮ ಬಹಳಷ್ಟು ಕಾರುಗಳಲ್ಲಿ ಆರೂವರೆ ಇಂಚಿನದು ಕೂರುತ್ತದೆ. ಕಿಟಕಿಯ ಗಾಜು ಪೂರ್ತಿ ಇಳಿದಾಗ ಸ್ಪೀಕರ್‌ನ ಮ್ಯಾಗ್ನೆಟ್‌ಗೆ ತಾಗಬಾರದು, ಅಷ್ಟೇ.

ಹಂತ 2: ಡಬ್ಬದ ಹಿಂಭಾಗ ಓದಿ

ಮುಂಭಾಗದ ವ್ಯಾಟ್ ಬಿಟ್ಟುಬಿಡಿ. ಅದು ಪೀಕ್ ವ್ಯಾಟ್, ಅಂದರೆ ಕ್ಷಣಮಾತ್ರ ತಡೆಯುವ ಶಕ್ತಿ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ ಅಂತ ಇರುತ್ತದೆ. ಸ್ಪೀಕರ್ ಒಂದೇ ಸಮನೆ ತಾಳಿಕೊಳ್ಳುವ ಶಕ್ತಿ ಅದು. ಆರ್‌ಎಂಎಸ್ ಎಲ್ಲೂ ಬರೆಯದ ಸ್ಪೀಕರ್ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ.

ಸ್ಟೀರಿಯೋದ ಮೇಲೂ ಇದೇ ಗೊಂದಲ. ‘50 ವ್ಯಾಟ್ × 4’ ಅಂತ ಇರುತ್ತದೆ. ಎಂಜಿನ್ ಓಡುವಾಗ ಕಾರಿನ ವಿದ್ಯುತ್ತು ಸುಮಾರು 14 ವೋಲ್ಟ್. ಅಷ್ಟರಿಂದ 4 ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರ್‌ಗೆ ಶುದ್ಧವಾಗಿ ಸಿಗುವುದು 20 ವ್ಯಾಟ್ ಆಸುಪಾಸು ಮಾತ್ರ.

ಆ ಇಪ್ಪತ್ತು ವ್ಯಾಟ್‌ನಲ್ಲಿ ಯಾವ ಸ್ಪೀಕರ್ ಹೆಚ್ಚು ಸದ್ದು ಮಾಡುತ್ತದೆ? ಇದಕ್ಕೆ ಉತ್ತರ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತದೆ ಅನ್ನುವ ಲೆಕ್ಕ ಅದು. ಮೂರು ಡೆಸಿಬಲ್ ಜಾಸ್ತಿ ಇದ್ದರೆ ಅಷ್ಟೇ ಸದ್ದಿಗೆ ಅರ್ಧ ಶಕ್ತಿ ಸಾಕು. 88 ಡೆಸಿಬಲ್‌ನ ಸ್ಪೀಕರ್‌ಗೆ 20 ವ್ಯಾಟ್ ಕೊಟ್ಟರೆ 101 ಡೆಸಿಬಲ್ ಬರುತ್ತದೆ. 92 ಡೆಸಿಬಲ್‌ನದಕ್ಕೆ ಅಷ್ಟೇ ಕೊಟ್ಟರೆ 105. ಮೊದಲನೆಯದು ಅಲ್ಲಿಗೆ ಮುಟ್ಟಬೇಕಾದರೆ 50 ವ್ಯಾಟ್ ಬೇಕು. ಡಬ್ಬದ ಮುಂದೆ 300 ಅಂತ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇಲ್ಲೂ ಒಂದು ಜಾಣತನ ನಡೆಯುತ್ತದೆ. ಕೆಲವರು ಒಂದು ವ್ಯಾಟ್ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. 4 ಓಮ್ ಸ್ಪೀಕರ್‌ಗೆ ಅದು ಎರಡು ವ್ಯಾಟ್ ಆಗುತ್ತದೆ. ಹಾಗೆ ಬರೆದಿದ್ದರೆ ಮೂರು ಡೆಸಿಬಲ್ ಕಳೆದು ಹೋಲಿಸಿ.

ನನ್ನ ಸಲಹೆ ಇಷ್ಟೇ. ಆ್ಯಂಪ್ ಹಾಕುವುದಿಲ್ಲವೇ? 91, 92 ಡೆಸಿಬಲ್ ಇರುವ ಕೋಯಾಕ್ಸಿಯಲ್ ತನ್ನಿ, ಅಂದರೆ ಬಾಸ್ ನುಡಿಸುವ ವೂಫರ್ ಮೇಲೇ ಟ್ವೀಟರ್ ಕೂತಿರುವಂಥದ್ದು. ಆ್ಯಂಪ್ ಹಾಕುವವರು ಟ್ವೀಟರ್ ಬೇರೆ, ಸದ್ದನ್ನು ವೂಫರ್‌ಗೂ ಟ್ವೀಟರ್‌ಗೂ ಹಂಚುವ ಕ್ರಾಸ್‌ಓವರ್ ಬೇರೆ ಇರುವ ಕಾಂಪೊನೆಂಟ್ ಸೆಟ್ ತನ್ನಿ. ಟ್ವೀಟರ್ ಕನ್ನಡಿಯ ಹತ್ತಿರ ಮೇಲೆ ಕೂತರೆ ದನಿ ಕಾಲಿನ ಬಳಿಯಿಂದ ಎದ್ದು ಮುಖದ ಎದುರಿಗೆ ಬರುತ್ತದೆ.

ಹಣ ಕಡಿಮೆ ಇದ್ದರೆ ಎಲ್ಲವನ್ನೂ ಮುಂದಿನ ಬಾಗಿಲಿಗೆ ಹಾಕಿ. ಹಿಂದಿನ ಸ್ಪೀಕರ್ ಆಮೇಲೆ ನೋಡೋಣ. ಹಿಂದಿನ ಟ್ರೇ ಕೊರೆದು ಆರು-ಒಂಬತ್ತು ಇಂಚಿನ ಅಂಡಾಕಾರದ ಸ್ಪೀಕರ್ ಜೋಡಿ ಹಾಕಿಸುವ ಚಾಳಿ ನಮ್ಮಲ್ಲಿ ಬಹಳ ಇದೆ. ಸುಮ್ನೆ ದುಡ್ಡು ಹಾಳು. ಹಾಡು ಬೆನ್ನ ಹಿಂದಿನಿಂದ ಬರುತ್ತದೆ, ತೆಳು ಟ್ರೇ ಅದುರುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಅಷ್ಟು ಭಾರದ ವಸ್ತು ಹಿಂದೆ ಕೂತವರ ತಲೆಗೇ ಬರುವ ಅಪಾಯವೂ ಇದೆ.

ಹಂತ 3: ಅಂಗಡಿಯಲ್ಲಿ ಕೇಳಿ ನೋಡುವುದು

ಮುಂಬೈಯವರು ಕುರ್ಲಾದ ಸಿಎಸ್‌ಟಿ ರೋಡಿಗೋ ಲ್ಯಾಮಿಂಗ್ಟನ್ ರೋಡಿಗೋ ಹೋಗುತ್ತಾರೆ. ಎಲ್ಲೇ ಹೋಗಿ, ‘ಸೆನ್ಸಿಟಿವಿಟಿ ಕಿತಿ?’ (ಎಷ್ಟು?) ಅಂತ ಮರಾಠಿಯಲ್ಲಿ ಮೊದಲು ಕೇಳಿ. ಉತ್ತರ ಗೊತ್ತಿರುವ ಅಂಗಡಿಯಲ್ಲಿ ಕೂತು ಮಾತಾಡಿ.

ನೀವು ಚೆನ್ನಾಗಿ ಬಲ್ಲ ಹಾಡುಗಳನ್ನೇ ಒಯ್ಯಿರಿ. ನಾನಾದರೆ ಭೀಮಸೇನ ಜೋಶಿಯವರನ್ನು ಹಾಕಿಸುತ್ತೇನೆ. ಗದಗಿನ ಕಡೆಯಿಂದ ಬಂದು ಪುಣೆಯಲ್ಲೇ ನೆಲೆಸಿದವರು, ನಮಗೂ ಇಲ್ಲಿನವರಿಗೂ ಸೇರಿದ ದನಿ. ತಂಬೂರಿಯ ಝೇಂಕಾರ ಕೇಳಿಸುತ್ತಿರಬೇಕು, ತಾರಕದಲ್ಲಿ ದನಿ ಚುಚ್ಚಬಾರದು, ತಬಲಾದ ಎಡದ ಪೆಟ್ಟು ಬರೀ ಧಪ್ ಅನ್ನದೆ ಅದರ ಮೀಂಡ್ (ಜಾರುವ ನಾದ) ತಿಳಿಯಬೇಕು. ಈ ಮೂರೂ ಸರಿ ಬಂದ ಸ್ಪೀಕರ್‌ನಲ್ಲಿ ಸಿನಿಮಾ ಹಾಡೂ ಚೆನ್ನಾಗಿಯೇ ಬರುತ್ತದೆ.

ಎರಡು ಸ್ಪೀಕರ್ ಹೋಲಿಸುವಾಗ ಎರಡರ ಸದ್ದೂ ಸಮ ಇರಲಿ. ತುಸು ಜೋರಿರುವುದೇ ಚೆನ್ನ ಅಂತ ಕಿವಿಗೆ ಅನ್ನಿಸಿಬಿಡುತ್ತದೆ. ಬಾಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತರಿಸಿ. ಅಂಗಡಿಯ ದಪ್ಪ ಹಲಗೆಯ ಮೇಲೆ ಕೇಳಿದ ಬಾಸ್ ನಿಮ್ಮ ಬಾಗಿಲಲ್ಲಿ ತಾನಾಗಿ ಬರುವುದಿಲ್ಲ. ಅದಕ್ಕೇ ಮುಂದಿನ ಹಂತ.

ಹಂತ 4: ಬಾಗಿಲು ಬಿಗಿ ಮಾಡಿ

ಸ್ಪೀಕರ್‌ನ ಕೋನ್ ಮುಂದೆ ಗಾಳಿ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತದೆ. ಬಾಗಿಲಿನ ಒಳ ತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳಿವೆ. ಹಿಂದಿನ ಗಾಳಿ ಅಲ್ಲಿಂದ ನುಸುಳಿ ಮುಂದಿನದನ್ನು ಸೇರಿದರೆ ಎರಡೂ ಕೂಡಿ ಬಾಸ್ ಸತ್ತುಹೋಗುತ್ತದೆ. ಮೈಯಲ್ಲಿ ತೂತು ಬಿದ್ದರೆ ಎಂತಹ ದುಬಾರಿ ಡಗ್ಗಾ (ತಬಲಾದ ಎಡ) ಆದರೂ ಒಡೆದ ಮಡಕೆಯಂತೆ ನುಡಿಯುವುದಿಲ್ಲವೇ, ಇದೂ ಹಾಗೇ: ಸದ್ದು ಹುಟ್ಟುವುದು ಸ್ಪೀಕರ್‌ನಲ್ಲಾದರೂ ಅದಕ್ಕೆ ಮೈ ಕೊಡುವುದು ಬಾಗಿಲು.

ಹೊರ ತಗಡಿನ ಒಳಮೈಯನ್ನು ಒರೆಸಿ ಒಣಗಿಸಿ. ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ಅದುರುವುದನ್ನು ತಡೆಯುವ ರಬ್ಬರಿನಂಥ ಹಾಳೆ) ಅಂಟಿಸಿ, ರೋಲರ್‌ನಿಂದ ಒತ್ತಿ. ಪೂರ್ತಿ ಮುಚ್ಚಬೇಕಿಲ್ಲ. ಬೆರಳಿನಿಂದ ತಟ್ಟಿದಾಗ ಟಣ್ ಅನ್ನುವುದು ಹೋಗಿ ಟಪ್ ಅಂದರೆ ಸಾಕು. ಒಳ ತಗಡಿನ ತೂತುಗಳನ್ನು ಮಾತ್ರ ಪೂರ್ತಿ ಮುಚ್ಚಿ. ಸ್ಪೀಕರ್ ಮುಂದೆ, ಟ್ರಿಮ್‌ನ ಜಾಲರಿಯವರೆಗೆ ಫೋಮ್ ಉಂಗುರ ಹಾಕಿ.

ಕಡಿಮೆ ದುಡ್ಡಿಗೆ ಸಿಗುತ್ತದೆ ಅಂತ ಸೂರಿಗೆ ಹಚ್ಚುವ ಡಾಂಬರಿನ ಶೀಟ್ ತರಬೇಡಿ. ಏಪ್ರಿಲ್ ಬಿಸಿಲಲ್ಲಿ ಅದು ಕರಗಿ ಜಾರುತ್ತದೆ, ಕಾರೆಲ್ಲ ವಾಸನೆ. ಸ್ಪೀಕರ್ ಕೂರಿಸಲು ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಸ್ಪೇಸರ್ ಉಂಗುರವೂ ಬೇಡ. ಗಾಜಿನ ಸಂದಿಯಿಂದ ಬಾಗಿಲೊಳಗೆ ಮಳೆನೀರು ಇಳಿಯುತ್ತಲೇ ಇರುತ್ತದೆ. ಮುಂಬೈ, ಗೋವಾದ ಮಳೆಗೆ ಎಂಡಿಎಫ್ ಹೀರಿ ಊದಿಕೊಳ್ಳುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದೇ ಹಾಕಿಸಿ. ಬಾಗಿಲಿನ ತಳದಲ್ಲಿ ನೀರು ಹೋಗುವ ಸಣ್ಣ ಕಿಂಡಿಗಳಿವೆ, ಅವನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ.

ಇದರಿಂದ ಇನ್ನೊಂದು ಲಾಭ ಇದೆ. ಹೆದ್ದಾರಿಯಲ್ಲಿ ಟೈರಿನ ಸದ್ದು ತುಸು ಇಳಿಯುತ್ತದೆ. ಆ ಸದ್ದನ್ನು ಮೀರಿಸಲೆಂದೇ ಅಲ್ವಾ ನಾವು ವಾಲ್ಯೂಮ್ ಏರಿಸುವುದು?

ಹಂತ 5: ವೈರಿಂಗ್

ಕಾರಿನ ವೈರ್ ಕತ್ತರಿಸಬೇಡಿ, ನಿಮ್ಮ ಮಾಡೆಲ್‌ನ ಕಪ್ಲರ್ (ವೈರ್‌ಗಳನ್ನು ಸೇರಿಸುವ ಕೊಂಡಿ) ಕೊಂಡು ಸಿಕ್ಕಿಸಿ. ಆ್ಯಂಪ್‌ಗೆ ಹೋಗುವ ವೈರ್‌ನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ತಾಮ್ರದ ಲೇಪದ ಅಲ್ಯೂಮಿನಿಯಂ, ವಾಪಸ್ ಕೊಡಿ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಅರ್ಥಿಂಗ್ ವೈರ್ ಚಿಕ್ಕದಿರಲಿ, ಬಣ್ಣ ಕೆರೆದ ತಗಡಿಗೆ ಬಿಗಿಯಿರಿ. ಎರಡೂ ಬಾಗಿಲಲ್ಲಿ ಪ್ಲಸ್‌ಗೆ ಪ್ಲಸ್ಸೇ ಸೇರಿರಲಿ. ಒಂದು ಕಡೆ ತಿರುಗುಮುರುಗಾದರೆ ಬಾಸ್ ಮಾಯ.

ಹಂತ 6: ಗೇನ್ ಕೂರಿಸುವುದು

ಬಹಳ ಜನ ಎಡವುವುದು ಇಲ್ಲೇ. ಗೇನ್ ಅಂದರೆ ಆ್ಯಂಪ್‌ನ ವಾಲ್ಯೂಮ್ ಅಂದುಕೊಂಡು ಪೂರ್ತಿ ತಿರುಗಿಸಿಬಿಡುತ್ತಾರೆ. ಫಿಟಿಂಗ್ ಮಾಡುವ ಹುಡುಗರೂ ಗಿರಾಕಿ ಬೆರಗಾಗಲಿ ಅಂತ ಹಾಗೇ ಮಾಡಿ ಕಳಿಸುತ್ತಾರೆ. ಸ್ಟೀರಿಯೋ ಕಳಿಸುವ ಸಂಕೇತಕ್ಕೂ ಆ್ಯಂಪ್‌ನ ಶಕ್ತಿಗೂ ಹೊಂದಿಕೆ ಮಾಡುವ ತಿರುಪು ಅದು. ಅತಿಯಾದರೆ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಹಾಗೆ ಕತ್ತರಿಸಿದ ಅಲೆಯಲ್ಲಿ ಕೀಚಲು ಸದ್ದಿನ ಪಾಲು ಜಾಸ್ತಿ, ಅದೆಲ್ಲ ಹೋಗಿ ಟ್ವೀಟರ್‌ಗೆ ಬಡಿಯುತ್ತದೆ. ಟ್ವೀಟರ್ ಸುಡುವುದು ಬಹಳ ಸಲ ಈ ಕಾರಣಕ್ಕೇ.

ಒಂದು ಮಲ್ಟಿಮೀಟರ್ ಬೇಕು. ಪುಣೆಯ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಫೋನಿನಲ್ಲಿ 400 ಹರ್ಟ್ಸ್ ಮತ್ತು 50 ಹರ್ಟ್ಸ್‌ನ ಟೆಸ್ಟ್ ಟೋನ್ ಇಳಿಸಿಕೊಳ್ಳಿ. ಎಲ್ಲರೂ 1000 ಹರ್ಟ್ಸ್ ಅನ್ನುತ್ತಾರೆ. ಆದರೆ ಅಗ್ಗದ ಮೀಟರ್‌ಗಳು 400ರ ಆಸುಪಾಸಿನವರೆಗೆ ಮಾತ್ರ ಸರಿಯಾಗಿ ಅಳೆಯುತ್ತವೆ. ಟೋನ್ ಮೈನಸ್ 5 ಡೆಸಿಬಲ್‌ನದ್ದಾಗಿರಲಿ, ಅಂದರೆ ರೆಕಾರ್ಡಿಂಗ್‌ನ ಗರಿಷ್ಠ ಮಟ್ಟಕ್ಕಿಂತ 5 ಕಡಿಮೆ. ಸೊನ್ನೆ ಡೆಸಿಬಲ್ ಟೋನ್‌ನಲ್ಲಿ ಕೂರಿಸಿದರೆ ಹಳೆಯ, ಮೆಲ್ಲಗೆ ರೆಕಾರ್ಡ್ ಆದ ಹಾಡುಗಳಿಗೆ ಸದ್ದು ಸಾಲುವುದಿಲ್ಲ.

ಕಾರನ್ನು ಬಯಲಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಇಡಿ. ಸೊಸೈಟಿಯ ಮುಚ್ಚಿದ ನೆಲಮಾಳಿಗೆಯಲ್ಲಿ ಈ ಕೆಲಸ ಬೇಡ, ಹೊಗೆ ತುಂಬುತ್ತದೆ. ಬಾಸ್, ಟ್ರೆಬಲ್ ಸೊನ್ನೆ. ಬಾಸ್ ಬೂಸ್ಟ್, ಲೌಡ್‌ನೆಸ್ ಆಫ್. ಆ್ಯಂಪ್‌ನ ಫಿಲ್ಟರ್ ಆಫ್. ಫೋನಿನ ಈಕ್ವಲೈಸರ್ ಕೂಡ ಆಫ್, ಫೋನಿನ ವಾಲ್ಯೂಮ್ ಪೂರ್ತಿ.

ಮೊದಲು ಸ್ಟೀರಿಯೋದ ಮಿತಿ ಹುಡುಕಿ. ಗೇನ್ ಕನಿಷ್ಠಕ್ಕೆ ತಂದು 400 ಹರ್ಟ್ಸ್ ಟೋನ್ ಹಾಕಿ ವಾಲ್ಯೂಮ್ ಒಂದೊಂದೇ ಏರಿಸಿ. ‘ಊ’ ಅಂತ ನುಣ್ಣಗಿದ್ದ ದನಿ ಒಂದು ಹಂತದಲ್ಲಿ ಒರಟಾಗಿ ‘ಝೀ’ ಅನ್ನತೊಡಗುತ್ತದೆ. ಅಲ್ಲಿಂದ ಎರಡು ಹೆಜ್ಜೆ ಕೆಳಗೆ ಬನ್ನಿ. ಸಾಮಾನ್ಯವಾಗಿ 40ರಲ್ಲಿ 30, 32ರ ಹತ್ತಿರ ಬಂದು ನಿಲ್ಲುತ್ತದೆ. ಆ ಅಂಕಿ ಬರೆದಿಡಿ. ಇನ್ನು ಮುಂದೆ ಅದೇ ನಿಮ್ಮ ಗರಿಷ್ಠ.

ಎಲ್ಲ ಆಫ್ ಮಾಡಿ, ಆ್ಯಂಪ್‌ನಿಂದ ಸ್ಪೀಕರ್ ವೈರ್ ಬಿಚ್ಚಿ. ಬಿಚ್ಚಿದ ತುದಿ ತಗಡಿಗೆ ತಾಗದಿರಲಿ. ಈಗ ಲೆಕ್ಕ. ಆ್ಯಂಪ್‌ನ ಆರ್‌ಎಂಎಸ್, ಸ್ಪೀಕರ್‌ನ ಆರ್‌ಎಂಎಸ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 50 ವ್ಯಾಟ್, 4 ಓಮ್ ಆದರೆ 200ರ ವರ್ಗಮೂಲ, ಅಂದರೆ 14.1 ವೋಲ್ಟ್. 75 ವ್ಯಾಟ್‌ಗೆ 17.3. ನೂರಕ್ಕೆ 20.

ಮೀಟರ್ ಅನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಆ್ಯಂಪ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿಯಿರಿ. ಸ್ಟೀರಿಯೋವನ್ನು ಬರೆದಿಟ್ಟ ಅಂಕಿಗೆ ತನ್ನಿ, ಟೋನ್ ಹಾಕಿ. ಗೇನ್ ಮೆಲ್ಲಗೆ ತಿರುಗಿಸುತ್ತ ಹೋಗಿ. ನಿಮ್ಮ ಲೆಕ್ಕದ ಅಂಕಿ (50 ವ್ಯಾಟ್ ಆದರೆ 14.1) ಬಂತೋ, ಅಲ್ಲೇ ನಿಲ್ಲಿಸಿ. ತಿರುಪು ಅರ್ಧವೂ ತಿರುಗಿಲ್ಲವಲ್ಲ ಅಂತ ಕೈ ತುರಿಸುತ್ತದೆ. ದಯವಿಟ್ಟು ಮುಂದೆ ಹೋಗಬೇಡಿ, ಅಲ್ಲಿಂದಾಚೆ ಸಿಗುವುದು ಒಡಕು ದನಿ ಮಾತ್ರ. ಎಡ, ಬಲ ಎರಡೂ ಕಡೆ ನೋಡಿ. ಸಬ್‌ವೂಫರ್ (ಬರೀ ಬಾಸ್ ನುಡಿಸುವ ದೊಡ್ಡ ಸ್ಪೀಕರ್) ಇದ್ದರೆ ಅದಕ್ಕೆ 50 ಹರ್ಟ್ಸ್‌ನಲ್ಲಿ ಇದೇ ಕ್ರಮ. ನಂತರ ಎಲ್ಲ ಆಫ್ ಮಾಡಿ ಸ್ಪೀಕರ್ ಮತ್ತೆ ಜೋಡಿಸಿ.

ಹಂತ 7: ಫಿಲ್ಟರ್

ಬಾಗಿಲಿನ ಸ್ಪೀಕರ್‌ಗೆ ಹೈ ಪಾಸ್ (ಅದಕ್ಕಿಂತ ಮೇಲಿನ ಸದ್ದನ್ನಷ್ಟೇ ಬಿಡುವ ಫಿಲ್ಟರ್) 80 ಹರ್ಟ್ಸ್, ಸಬ್‌ವೂಫರ್‌ಗೆ ಲೋ ಪಾಸ್ (ಕೆಳಗಿನದನ್ನಷ್ಟೇ ಬಿಡುವುದು) 80 ಹರ್ಟ್ಸ್. ಸಬ್ ಇಲ್ಲದವರು ಹೈ ಪಾಸ್ ಅನ್ನು 60ರ ಹತ್ತಿರ ಇಡಿ. ತೀರಾ ಕೆಳಗಿನ ಬಾಸ್ ನುಡಿಸುವ ಹೊರೆ ತಪ್ಪಿದ ಕೂಡಲೇ ಸಣ್ಣ ಸ್ಪೀಕರ್ ಇನ್ನಷ್ಟು ಜೋರಾಗಿ, ಇನ್ನಷ್ಟು ಸ್ಪಷ್ಟವಾಗಿ ಹಾಡುತ್ತದೆ. ಆ್ಯಂಪ್ ಇಲ್ಲದಿದ್ದರೂ ಹೊಸ ಸ್ಟೀರಿಯೋಗಳ ಮೆನುವಿನಲ್ಲಿ ಈ ಫಿಲ್ಟರ್ ಇರುತ್ತದೆ, ಹುಡುಕಿ ಹಾಕಿ. ಆಮೇಲೂ ಏನೋ ಕೊರತೆ ಅನ್ನಿಸಿದರೆ ಕೊರತೆ ಇರುವುದನ್ನು ಏರಿಸುವ ಬದಲು ಅತಿಯಾಗಿರುವುದನ್ನು ಇಳಿಸಿ.

ಈಗ ಒಂದು ಸುತ್ತು ಹೋಗಿ ಬನ್ನಿ. ಫೋನಿನ ಸದ್ದಳೆಯುವ ಆ್ಯಪ್ ಅಂದಾಜು ಅಂಕಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ ಮಾತ್ರ. ಪುಣೆಯಿಂದ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಆ ನಾಲ್ಕು ಗಂಟೆ ಮುಗಿದುಹೋಗುತ್ತದೆ. ಹಿಂದೆ ಮಕ್ಕಳಿದ್ದರೆ 80ರ ಒಳಗೇ ಇರಿ.

ಮೊದಲ ಮಳೆಗಾಲ ಕಳೆದ ಮೇಲೆ ಟ್ರಿಮ್ ಒಮ್ಮೆ ಬಿಚ್ಚಿಸಿ. ಶೀಟ್ ಎಲ್ಲಾದರೂ ಎದ್ದಿದ್ದರೆ ಒತ್ತಿಸಿ, ತಳದ ಕಿಂಡಿಗಳಲ್ಲಿ ಕಸ ಕಟ್ಟಿದ್ದರೆ ತೆಗೆಸಿ, ಸ್ಪೀಕರ್‌ನ ನಾಲ್ಕೂ ಸ್ಕ್ರೂ ಬಿಗಿ ಮಾಡಿಸಿ.