ಎರವಲು ಇ-ಪುಸ್ತಕ ಮತ್ತು ಅದರ ಬೀಗ

ಗ್ರಂಥಾಲಯದ ತಾಣದಲ್ಲಿ ಇ-ಪುಸ್ತಕ ಎರವಲು ಪಡೆದರೆ ಹಲವು ಸಲ ಮೊದಲು ಇಳಿಯುವುದು ಪುಸ್ತಕವಲ್ಲ, ಎಸಿಎಸ್‌ಎಂ ಎಂಬ ಪುಟ್ಟ ಫೈಲ್. ಅದನ್ನು ಅಡೋಬಿ ಡಿಜಿಟಲ್ ಎಡಿಷನ್ಸ್ ಎಂಬ ಓದುವ ತಂತ್ರಾಂಶದಲ್ಲಿ ತೆರೆದಾಗಲೇ ಅಸಲಿ ಪುಸ್ತಕ, ಅಂದರೆ ಇಪಬ್ ಅಥವಾ ಪಿಡಿಎಫ್ ರೂಪದ ಫೈಲ್, ಬರುತ್ತದೆ. ಆ ಹೊತ್ತಿಗೆ ತಂತ್ರಾಂಶದಲ್ಲಿ ಯಾವ ಅಡೋಬಿ ಐಡಿ (ಅಡೋಬಿ ಖಾತೆ) ಇದೆಯೋ ಅದಕ್ಕೇ ಪುಸ್ತಕ ಕಟ್ಟುಬೀಳುತ್ತದೆ. ನಕಲು ತಡೆಯುವ ಈ ಕಟ್ಟೇ ಅದರ ಬೀಗ. ಮುಕ್ಕಾಲು ಪಾಲು ತಕರಾರು ಹುಟ್ಟುವುದು ಇಲ್ಲೇ.

ಹಾಗಾಗಿ ಪುಸ್ತಕ ಹುಡುಕುವ ಮೊದಲೇ ನಾನು ಹೆಲ್ಪ್ ಮೆನುವಿನ 'ಆಥರೈಸ್ ಕಂಪ್ಯೂಟರ್'ಗೆ ಹೋಗಿ ಅಡೋಬಿ ಐಡಿ ಕೊಟ್ಟಿರುತ್ತೇನೆ. ಐಡಿ ಇಲ್ಲದೆ ಮುಂದುವರಿಯುವ ಆಯ್ಕೆಯೂ ಅಲ್ಲಿದೆ. ಸುಲಭವೆಂದು ಅದನ್ನು ಒತ್ತಿದರೆ ಪುಸ್ತಕ ಆ ಒಂದು ಕಂಪ್ಯೂಟರಿಗೇ ಸೀಮಿತ. ಇ-ರೀಡರಿಗೆ ಸಾಗಿಸುವವರು ಅತ್ತ ತಲೆಹಾಕದಿರುವುದೇ ಲೇಸು. ರೀಡರನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ, ಅದಕ್ಕೂ ಅದೇ ಐಡಿಯ ಅನುಮತಿ ಕೊಟ್ಟು, ಪುಸ್ತಕವನ್ನು ತಂತ್ರಾಂಶದೊಳಗಿನಿಂದಲೇ ಎಳೆದು ಹಾಕಬೇಕು. ಅನುಮತಿಯಿಲ್ಲದ ಸಾಧನಕ್ಕೆ ಫೈಲನ್ನು ನಕಲು ಮಾಡಿದರೆ ಹೆಸರು ಕಾಣುತ್ತದೆ, ಪುಟ ತೆರೆಯದು. ಅಮೆಜಾನಿನ ಇ-ರೀಡರ್ ಕಿಂಡಲ್ ಅಂತೂ ಅಡೋಬಿಯ ಈ ಬೀಗವನ್ನು ಓದುವುದೇ ಇಲ್ಲ.

'ಬೇರೆ ಬಳಕೆದಾರರು ಈಗಾಗಲೇ ಪಡೆದಿದ್ದಾರೆ' ಎಂಬ ಅರ್ಥದ ದೋಷ ಬಂದರೆ, ಆ ಎಸಿಎಸ್‌ಎಂ ಇನ್ನೊಂದು ಐಡಿಯಲ್ಲಿ ತೆರೆದುಕೊಂಡಿದೆ ಎಂದೇ ತಿಳಿಯಿರಿ. ಮತ್ತೆ ಮತ್ತೆ ಒತ್ತಿ ಫಲವಿಲ್ಲ. ಮೊದಲಿನ ಐಡಿಗೆ ಮರಳಬೇಕು, ಇಲ್ಲವೇ ಗ್ರಂಥಾಲಯದವರಿಂದ ಎರವಲು ರದ್ದು ಮಾಡಿಸಿ ಹೊಸದಾಗಿ ಪಡೆಯಬೇಕು. ಇಳಿಸಿಕೊಂಡ ಎಸಿಎಸ್‌ಎಂ ಅನ್ನು ತೆರೆಯದೆ ಬಹಳ ದಿನ ಇಟ್ಟರೆ ಅದರ ಅವಧಿಯೂ ಮುಗಿಯುತ್ತದೆ. ಇ-ರೀಡರಿನ ದಿನಾಂಕ ಮುಂದಕ್ಕೆ ಓಡಿದ್ದರೆ ಇಂದು ತಂದ ಪುಸ್ತಕವೂ ಗಡುವು ಮುಗಿದಂತೆ ಕಾಣಬಹುದು. ಮೊದಲು ಗಡಿಯಾರ ನೋಡಿ.

ಓದಿ ಮುಗಿದರೆ ಗಡುವಿಗೆ ಕಾಯುವುದಿಲ್ಲ. ಪುಸ್ತಕದ ಮೇಲೆ ಬಲಕ್ಲಿಕ್ ಮಾಡಿ 'ರಿಟರ್ನ್ ಬಾರೋಡ್ ಐಟಂ' ಒತ್ತುತ್ತೇನೆ. ಸಾಮಾನ್ಯ ಪರವಾನಗಿಯಲ್ಲಿ ಒಂದು ಪ್ರತಿ ಒಮ್ಮೆಗೆ ಒಬ್ಬರಿಗೆ ಮಾತ್ರ, ಸರದಿಯಲ್ಲಿ ಹಿಂದೆ ನಿಂತವರಿಗೆ ಅಷ್ಟು ಬೇಗ ಸಿಗುತ್ತದೆ. ಸುಮ್ಮನೆ ಡಿಲೀಟ್ ಮಾಡಿದರೆ ಮರಳಿಸಿದಂತಾಗದು. ಕಾಗದದ ಪ್ರತಿ ಹರಿಯುವವರೆಗೂ ಕೈ ಬದಲಾಯಿಸುತ್ತದೆ, ಇ-ಪ್ರತಿಗೆ ಆ ಭಾಗ್ಯವಿಲ್ಲ: 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ತನ್ನ ಇ-ಪುಸ್ತಕಗಳಿಗೆ 26 ಎರವಲುಗಳ ಮಿತಿ ಹಾಕಿತು. ಅಷ್ಟು ಮುಗಿದರೆ ಗ್ರಂಥಾಲಯ ಮತ್ತೆ ಕೊಳ್ಳಬೇಕು.

ಟಿಪ್ಪಣಿಗೆ ಸಾಲು ನಕಲಿಸುವವರು 'ಐಟಂ ಇನ್ಫೋ'ದಲ್ಲಿ ನಕಲು, ಮುದ್ರಣಗಳ ಅನುಮತಿ ಮೊದಲೇ ನೋಡಿಕೊಳ್ಳಿ. ಪಿಡಿಎಫ್, ಇಪಬ್ ಎರಡೂ ಇದ್ದರೆ ನಾನು ಇಪಬ್ ಆರಿಸುತ್ತೇನೆ, ಚಿಕ್ಕ ಪರದೆಯಲ್ಲಿ ಅಕ್ಷರ ಹಿಗ್ಗಿಸಿದರೂ ಸಾಲು ತುಂಡಾಗದು. ರೀಡಿಯಮ್ ಎಲ್‌ಸಿಪಿ ಎಂಬ ಬೇರೊಂದು ಬೀಗ ಬಳಸುವ ಗ್ರಂಥಾಲಯವಾದರೆ ಅಡೋಬಿ ಐಡಿಯ ಗೋಜೇ ಇಲ್ಲ. ಥೋರಿಯಮ್ ರೀಡರ್ ಎಂಬ ತಂತ್ರಾಂಶದಲ್ಲಿ ತೆರೆದು ಪಾಸ್‌ಫ್ರೇಸ್ (ಗುಪ್ತಪದ) ಕೊಟ್ಟರಾಯಿತು. ಗಡುವು ಮಾತ್ರ ಅಲ್ಲೂ ತಪ್ಪದು.