ತಿಂಡಿ ಹೊತ್ತಿಗೆ ಬಂದ ಪದಕದ ಪಟ್ಟಿ

ವೈನ್ ಸ್ಪರ್ಧೆಯವರು ಫಲಿತಾಂಶ ಕೇಳಲು ಬೆಳಿಗ್ಗೆ ಎಂಟು ಗಂಟೆಗೆ ಬನ್ನಿ ಅಂದಿದ್ದರು. ನಾನು ಬರಬೇಕಾದದ್ದು ದೊಡ್ಡಬಳ್ಳಾಪುರದ ಕಡೆಯಿಂದ. ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಮುಗಿದೇ ಹೋಯ್ತು ಅಂತ ಐದೂವರೆಗೇ ಮನೆ ಬಿಟ್ಟೆ. ಹೋಟೆಲ್ ತಲುಪಿದಾಗ ಇನ್ನೂ ಏಳಾಗಿರಲಿಲ್ಲ. ಒಳಗೆ ಹುಡುಗರು ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು. ಒಂದು ಗೋಡೆಯ ಪಕ್ಕ ಇಡ್ಲಿ, ವಡೆ, ಉಪ್ಪಿಟ್ಟಿನ ಪಾತ್ರೆಗಳು. ಎದುರು ಗೋಡೆಯ ಪಕ್ಕ ಉದ್ದಕ್ಕೂ ಬಾಟಲಿಗಳು, ಅವುಗಳ ಮೇಲೆ ಒಂದು ದೊಡ್ಡ ಬಟ್ಟೆ. ಬಟ್ಟೆ ಕೆಳಗೆ ನಮ್ಮ ಬಾಟಲಿ ಇದೆಯೋ ಇಲ್ಲವೋ ಅನ್ನೋದೊಂದೇ ತಲೆಯಲ್ಲಿ ಓಡುತ್ತಿತ್ತು.

ವೈನ್, ವಿಸ್ಕಿ, ಜಿನ್ ಸ್ಪರ್ಧೆಯ ಫಲಿತಾಂಶವನ್ನು ಬೆಳಗಿನ ತಿಂಡಿಗೆ ಕರೆದು ಹೇಳ್ತಾರೆ ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಆದರೆ ಅದಕ್ಕೆ ಸರಿಯಾದ ಕಾರಣ ಇದೆ. ಬಾರ್, ರೆಸ್ಟೋರೆಂಟ್, ವೈನ್ ಅಂಗಡಿ ನಡೆಸುವವರು ಮಧ್ಯಾಹ್ನದಿಂದ ರಾತ್ರಿವರೆಗೆ ಕೆಲಸ ಬಿಟ್ಟು ಬರೋಕಾಗಲ್ಲ. ಅವರಿಗೆ ಬಿಡುವು ಸಿಗೋದು ಬೆಳಿಗ್ಗೆ ಮಾತ್ರ. ಇನ್ನೊಂದು, ನಾಲಿಗೆ ಚುರುಕಾಗಿರೋದೂ ಬೆಳಿಗ್ಗೆಯೇ. ಅದಕ್ಕೇ ತೀರ್ಪುಗಾರರು ಕೂಡ ಬೆಳಗಿನ ಹೊತ್ತಿಗೇ ರುಚಿ ನೋಡಲು ಕೂರುತ್ತಾರೆ.

ನಮ್ಮ ಅಪ್ಪ ಬೆಳೆದದ್ದು ಬೆಂಗಳೂರು ಬ್ಲೂ. ನಂದಿ ಬೆಟ್ಟದ ಸುತ್ತಮುತ್ತ ಆ ಕಪ್ಪು ದ್ರಾಕ್ಷಿ ಎಲ್ಲರ ತೋಟದಲ್ಲೂ ಇತ್ತು, ಈಗಲೂ ಇದೆ. 1980ರ ದಶಕದ ಕೊನೆಯಲ್ಲಿ ಗ್ರೋವರ್ ಕುಟುಂಬದವರು ವೈನ್ ಮಾಡಲು ಇದೇ ಕಡೆ ಫ್ರೆಂಚ್ ದ್ರಾಕ್ಷಿ ತಳಿ ನೆಟ್ಟಾಗ ನಾನು ಸ್ಕೂಲಿಗೆ ಹೋಗುತ್ತಿದ್ದೆ. 2007ರಲ್ಲಿ ಕರ್ನಾಟಕದ ವೈನ್ ನೀತಿ ಬಂದ ಮೇಲೆ ನಮ್ಮಂಥ ಸಣ್ಣವರಿಗೂ ಧೈರ್ಯ ಬಂತು. ಎರಡು ಎಕರೆಗೆ ಕೆಂಪು ವೈನಿನ ದ್ರಾಕ್ಷಿ ಶಿರಾಜ್, ಎರಡು ಎಕರೆಗೆ ಬಿಳಿ ವೈನಿನ ದ್ರಾಕ್ಷಿ ಶೆನಿನ್ ಬ್ಲಾಂಕ್ ಹಾಕಿದೆ. ನಮ್ಮದು ಸಣ್ಣ ಘಟಕ. ನಾಲ್ಕು ಟ್ಯಾಂಕು, ರಸ ಹಿಂಡುವ ಒಂದು ಪ್ರೆಸ್ಸು, ಒಂದಷ್ಟು ಓಕ್ ಪೀಪಾಯಿ. ಸ್ಪರ್ಧೆಗೆ ಕಳಿಸಿದ್ದು ಅದೇ ಮೊದಲು.

ಕಳಿಸುವಾಗ ಒಂದು ಕೆಲಸ ಮಾಡಿದ್ದೆ. ಅದು ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಸ್ಪರ್ಧೆಯವರು ಒಂದೊಂದು ವೈನಿಗೆ ನಾಲ್ಕು ಬಾಟಲಿ ಕೇಳಿದ್ದರು. ಅದೇ ದಿನ, ಅದೇ ಟ್ಯಾಂಕಿನಿಂದ ತುಂಬಿದ ಎರಡು ಡಜನ್ ಬಾಟಲಿಗಳನ್ನು ಬೇರೆಯಾಗಿ ತೆಗೆದಿಟ್ಟೆ. ತೀರ್ಪುಗಾರರು ಕುಡಿದದ್ದೇ ವೈನ್ ನನ್ನ ಹತ್ತಿರವೂ ಇರಬೇಕಲ್ವಾ? ಬೇರೆ ಟ್ಯಾಂಕಿನದನ್ನು ಕುಡಿದು ಅವರ ಟಿಪ್ಪಣಿ ಓದಿದರೆ ಏನೂ ತಿಳಿಯಲ್ಲ. ಆ ಬೆಳಿಗ್ಗೆ ಶಿರಾಜ್ ಒಂದು, ಶೆನಿನ್ ಒಂದು ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಜೊತೆಗೇ ತಂದಿದ್ದೆ.

ತಿಂಡಿ ವಿಷಯ ಹೇಳಲೇಬೇಕು. ಕರೆದಿರುವುದು ತಿಂಡಿಗೆ, ಆದರೆ ವೈನ್ ರುಚಿ ನೋಡಬೇಕು ಅನ್ನುವವರು ಮೊದಲು ಅಲ್ಲಿ ತಿನ್ನಬಾರದು. ಕೆಂಪು ಚಟ್ನಿ ಒಂದು ಸಲ ನಾಲಿಗೆಗೆ ತಾಗಿದರೆ ಅರ್ಧ ಗಂಟೆ ಬೇರೇನೂ ತಿಳಿಯಲ್ಲ. ಕಾಫಿಯ ಕಹಿ ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲುತ್ತೆ. ಹಾಗಂತ ಖಾಲಿ ಹೊಟ್ಟೆಯಲ್ಲಿ ಹೋಗುವುದೂ ತಪ್ಪು. ನಾನು ಮನೆಯಲ್ಲೇ ಎರಡು ಸಪ್ಪೆ ಚಪಾತಿ ತಿಂದು, ನೀರು ಕುಡಿದು ಹೊರಟಿದ್ದೆ. ಹಲ್ಲುಜ್ಜುವಾಗ ಪೇಸ್ಟ್ ಹಾಕಲಿಲ್ಲ. ಸೆಂಟು ಹಚ್ಚಲಿಲ್ಲ. ನಾವು ಹಚ್ಚಿದ ಸೆಂಟು ಪಕ್ಕದವರ ಮೂಗನ್ನೂ ಕೆಡಿಸುತ್ತೆ. ರುಚಿ ನೋಡಿದ್ದನ್ನೆಲ್ಲ ನುಂಗಬಾರದು, ಬಕೆಟ್ಟಿಗೆ ಉಗುಳಬೇಕು. ವಾಪಸ್ ಗಾಡಿ ಓಡಿಸುವವರಿಗಂತೂ ಇದರಲ್ಲಿ ಎರಡನೇ ಮಾತೇ ಇಲ್ಲ.

ಎಂಟೂವರೆಗೆ ಮೈಕ್ ಹಿಡಿದರು. ಮೊದಲು ವಿಸ್ಕಿ, ಜಿನ್. ನನ್ನ ಪಕ್ಕದಲ್ಲಿ ಕೂತಿದ್ದವರು ವಿಸ್ಕಿ ಮಿಶ್ರಣ ಮಾಡುವವರು, ಮೂವತ್ತು ವರ್ಷ ಅದೇ ಕೆಲಸ. ಪಟ್ಟಿ ಓದುವ ಹೊತ್ತಿಗೆ ಅವರು ಮೆಲ್ಲಗೆ ಹೇಳಿದ ಮಾತು ನನಗೆ ಪದಕಕ್ಕಿಂತ ಗಟ್ಟಿಯಾಗಿ ನೆನಪಿದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ವಿಸ್ಕಿ ಆವಿಯಾಗಿ ಹೋಗುತ್ತದೆ. ಬೆಂಗಳೂರಿನಲ್ಲಿ ಅದು ಶೇ. 10ರಿಂದ 12. ಸೆಕೆಗೆ ಮರ ಹಿಗ್ಗಿ ಕುಗ್ಗಿ, ವಿಸ್ಕಿ ಬೇಗ ಬೇಗ ಮರದೊಳಗೆ ಹೋಗಿ ಬರುತ್ತೆ. ಅಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಬೇಕಾಗುವ ಬಣ್ಣ, ರುಚಿ ಇಲ್ಲಿ ನಾಲ್ಕೈದು ವರ್ಷಕ್ಕೇ ಬಂದುಬಿಡುತ್ತೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾದ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮೊದಲು ಮಾರಾಟಕ್ಕೆ ಇಳಿಯಿತು. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅವರ 2010ರ ಕೈಪಿಡಿಯಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ, 97 ಅಂಕ ಸಿಕ್ಕಿತು. "ನಮಗೆ ಈ ಊರಿನ ಬಿಸಿಲೇ ಬಂಡವಾಳ ಸಾರ್" ಅಂದರು ಅವರು. ನಾನು ತಲೆಯಾಡಿಸಿದೆ. ಇನ್ನೊಂದು ಗಂಟೆಯಲ್ಲಿ ಅದೇ ಬಿಸಿಲು ನನ್ನ ವೈನಿಗೆ ಏನು ಮಾಡಿದೆ ಅಂತ ಗೊತ್ತಾಗುತ್ತೆ ಅನ್ನುವ ಅಂದಾಜು ನನಗಿರಲಿಲ್ಲ.

ಆಮೇಲೆ ವೈನ್. ಕಂಚಿನಿಂದ ಶುರು ಮಾಡಿದರು. ನಮ್ಮ ಶಿರಾಜ್ ಹೆಸರು ಕೇಳಿದಾಗ ಮೊದಲು ಅರ್ಥವೇ ಆಗಲಿಲ್ಲ. ಪಕ್ಕದ ವಿಸ್ಕಿ ಮೇಷ್ಟ್ರು ಬೆನ್ನು ತಟ್ಟಿದಾಗ ಎದ್ದು ನಿಂತೆ. ಕಣ್ಣು ತುಂಬಿ ಬಂತು. ಅಪ್ಪನಿಗೆ ಫೋನ್ ಮಾಡೋಣ ಅಂತ ಜೇಬಿಗೆ ಕೈ ಹಾಕಿ, ಶೆನಿನ್ ಇನ್ನೂ ಇದೆಯಲ್ಲ ಅಂತ ಸುಮ್ಮನಾದೆ. ಬೆಳ್ಳಿ ಓದಿದರು. ಚಿನ್ನ ಓದಿದರು. ಶೆನಿನ್ ಬರಲೇ ಇಲ್ಲ. ನಾನು ಹೆಚ್ಚು ನಂಬಿದ್ದು ಅದನ್ನೇ. ಘಟಕಕ್ಕೆ ಬಂದವರೆಲ್ಲ ಹೊಗಳಿ ಹೋಗಿದ್ದು ಅದನ್ನೇ.

ಪಟ್ಟಿ ಕೈಗೆ ಬಂದಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ನಮ್ಮ ಶಿರಾಜ್ ಮುಂದೆ ಕೊಯ್ಲಿನ ವರ್ಷ ತಪ್ಪಾಗಿ ಅಚ್ಚಾಗಿತ್ತು. ಆಮೇಲೆ ಹೇಳಿದರಾಯ್ತು ಅಂತ ಬಿಡಬೇಡಿ. ಅಂಗಡಿಯವರು, ಪತ್ರಿಕೆಯವರು ಆ ಹಾಳೆಯನ್ನು ನೋಡಿಯೇ ಬರೆದುಕೊಳ್ಳುತ್ತಾರೆ. ಪದಕ ನಮ್ಮ ಹೆಸರಿಗೆ ಬರಲ್ಲ, ಆ ವರ್ಷದ ಆ ವೈನಿಗೆ ಮಾತ್ರ ಬರುತ್ತೆ. ವರ್ಷ ತಪ್ಪಾದರೆ ಪದಕವೇ ತಪ್ಪಿದ ಹಾಗೆ. ನಾನು ಅಲ್ಲೇ ಹೋಗಿ, ಬಾಟಲಿ ತೋರಿಸಿ, ಸರಿ ಮಾಡಿಸಿಕೊಂಡೆ. ಸ್ಟಿಕ್ಕರ್ ವಿಷಯವೂ ಹಾಗೇ. ಪದಕ ಬಂದ ವರ್ಷದ ಬಾಟಲಿಗೆ ಬಿಟ್ಟು ಬೇರೆಯದಕ್ಕೆ ಅಂಟಿಸುವ ಹಾಗಿಲ್ಲ. ನಮ್ಮಲ್ಲಿ ಲೇಬಲ್‌ಗೆ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕಾಗಿರುವುದರಿಂದ ನಾನು ಅಲ್ಲಿ ಕೇಳಿಕೊಂಡೇ ಅಂಟಿಸಿದೆ.

ಕಂಚು ಅಂದರೆ ಎಷ್ಟು ದೊಡ್ಡದು? ಇದನ್ನು ಸ್ಪರ್ಧೆಗೆ ಹಣ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. 1969ರಲ್ಲಿ ಶುರುವಾದ ಲಂಡನ್ನಿನ ಇಂಟರ್‌ನ್ಯಾಷನಲ್ ವೈನ್ ಅಂಡ್ ಸ್ಪಿರಿಟ್ ಕಾಂಪಿಟಿಷನ್‌ನಲ್ಲಿ ನೂರಕ್ಕೆ 85ರಿಂದ 89 ಬಂದರೆ ಕಂಚು, 90ರಿಂದ 94 ಬೆಳ್ಳಿ, 95ರಿಂದ ಮೇಲೆ ಚಿನ್ನ. 2004ರಲ್ಲಿ ಡಿಕ್ಯಾಂಟರ್ ಪತ್ರಿಕೆ ಶುರು ಮಾಡಿದ ಸ್ಪರ್ಧೆಯಲ್ಲಿ ಕಂಚು 86ರಿಂದ, 97 ಮುಟ್ಟಿದರೆ ಪ್ಲಾಟಿನಂ. ಅಂತಾರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯ ಆಶ್ರಯದಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಬಂದ ವೈನ್‌ಗಳಲ್ಲಿ ಶೇ. 30ಕ್ಕಿಂತ ಜಾಸ್ತಿಗೆ ಪದಕ ಕೊಡುವ ಹಾಗಿಲ್ಲ. ಇಂಥ ಮಿತಿ ಇಲ್ಲದ ಕಡೆ ಕಂಚು ಬಹಳ ಜನರಿಗೆ ಸಿಗಬಹುದು. ಎಲ್ಲ ಕಂಚೂ ಒಂದೇ ತೂಕದ್ದಲ್ಲ.

ತೀರ್ಪುಗಾರರ ನಾಲಿಗೆಯೂ ಯಂತ್ರ ಅಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ 2005ರಿಂದ ರಾಬರ್ಟ್ ಹಾಡ್ಜ್‌ಸನ್ ಅನ್ನುವವರು ಒಂದು ಪರೀಕ್ಷೆ ಮಾಡಿದರು. ಅವರು ಪ್ರಾಧ್ಯಾಪಕರಾಗಿದ್ದವರು, ಸ್ವಂತ ವೈನ್ ಘಟಕ ಇಟ್ಟುಕೊಂಡವರು. ಒಂದೇ ಬಾಟಲಿಯ ವೈನನ್ನು ಹೇಳದೆ ಮೂರು ಗ್ಲಾಸುಗಳಲ್ಲಿ ಬೇರೆ ವೈನ್‌ಗಳ ಮಧ್ಯೆ ಇಟ್ಟರು. ಮೂರಕ್ಕೂ ಒಂದೇ ದರ್ಜೆಯ ಪದಕ ಕೊಟ್ಟ ತೀರ್ಪುಗಾರರು ಹತ್ತರಲ್ಲಿ ಒಬ್ಬರಷ್ಟೇ. ಇದನ್ನು ಓದಿದ್ದರಿಂದ ನನ್ನ ಶೆನಿನ್ ಸೋತದ್ದನ್ನು 'ಅವರ ನಾಲಿಗೆ ಸರಿಯಿರಲಿಲ್ಲ' ಅಂತ ತಳ್ಳಿಹಾಕಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಸರಿಯಾಗಿ ತಿಳಿಯಬೇಕಾದರೆ ಇರುವ ದಾರಿ ಒಂದೇ. ಗೆದ್ದದ್ದನ್ನೂ ಸೋತದ್ದನ್ನೂ ಅಕ್ಕಪಕ್ಕ ಇಟ್ಟು ಕುಡಿದು ನೋಡುವುದು.

ಬಟ್ಟೆ ತೆಗೆದರು. ಜನ ಇಡ್ಲಿ ಕಡೆ ಹೋದರು, ನಾನು ಬಾಟಲಿ ಕಡೆ ಹೋದೆ. ಚಿನ್ನ ಬಂದ ಶೆನಿನ್ ಅನ್ನು ಒಂದು ಗ್ಲಾಸಿಗೆ ಎರಡು ಬೆರಳಷ್ಟು ಹಾಕಿಸಿಕೊಂಡೆ. ಐಸ್ ಡಬ್ಬಿಯಿಂದ ನಮ್ಮದನ್ನು ತೆಗೆದು ಇನ್ನೊಂದು ಗ್ಲಾಸಿಗೆ ಅಷ್ಟೇ ಹಾಕಿದೆ. ಗ್ಲಾಸುಗಳು ಒಂದೇ ಥರದವು ಇರಬೇಕು, ತಣ್ಣಗಿರುವುದೂ ಒಂದೇ ಸಮ ಇರಬೇಕು. ಎರಡನ್ನೂ ಬಿಳಿ ಬಟ್ಟೆ ಮೇಲೆ ಓರೆಯಾಗಿ ಹಿಡಿದೆ. ಅವರದು ತಿಳಿ ಹಸಿರು ಬೆರೆತ ಹಳದಿ. ನಮ್ಮದು ಹುಲ್ಲು ಒಣಗಿದ ಬಣ್ಣ. ಒಂದೇ ವರ್ಷದ ಕೊಯ್ಲು. ಮೂಗಿನ ಹತ್ತಿರ ತಂದೆ. ಅವರ ಗ್ಲಾಸಿನಲ್ಲಿ ಆಗತಾನೆ ಕಚ್ಚಿದ ಸೀಬೆಕಾಯಿ ವಾಸನೆ. ನಮ್ಮದರಲ್ಲಿ ಹೆಚ್ಚಿಟ್ಟು ಹೊತ್ತಾದ ಸೇಬು. ಬಾಯಿಗೆ ಹಾಕಿದರೆ ಕೊನೆಗೆ ಒಂದು ಸಣ್ಣ ಒಗರು, ನಾಲಿಗೆಯ ಹಿಂಭಾಗದಲ್ಲಿ. ಎರಡು ವರ್ಷದಿಂದ ಆ ಒಗರನ್ನು ನಾನು 'ನಮ್ಮ ಮಣ್ಣಿನ ಗುಣ' ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ.

ತೀರ್ಪುಗಾರರಲ್ಲಿ ಒಬ್ಬ ಮೇಡಂ ಅಲ್ಲೇ ನಿಂತಿದ್ದರು. "ಮೇಡಂ, ಎರಡು ನಿಮಿಷ ಕೊಡ್ತೀರಾ?" ಅಂತ ಕೇಳಿ ನಮ್ಮ ಗ್ಲಾಸ್ ಕೊಟ್ಟೆ. ಮೂಸಿದರು, ಬಾಯಲ್ಲಿ ಆಡಿಸಿದರು, ಉಗುಳಿದರು. ಯಾವ ಯೀಸ್ಟ್ ಹಾಕಿದಿರಿ, ಟ್ಯಾಂಕ್ ಎಷ್ಟು ತಣ್ಣಗಿತ್ತು ಅಂತ ಕೇಳ್ತಾರೆ ಅಂದುಕೊಂಡಿದ್ದೆ.

"ಹಣ್ಣು ಎಷ್ಟು ಗಂಟೆಗೆ ಕೊಯ್ದಿರಿ?" ಅಂದರು.

ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು, ಒಂದು ಗಂಟೆಗೆ ಮುಗಿದದ್ದು, ಕ್ರೇಟುಗಳು ಟ್ರಾಕ್ಟರ್ ಮೇಲೆ ಕಾದಿದ್ದು, ಪ್ರೆಸ್ಸಿಗೆ ಹಾಕುವಾಗ ಮೂರಾಗಿದ್ದು ಎಲ್ಲ ಹೇಳಿದೆ. ಫೆಬ್ರವರಿ ಕೊನೆಯ ಬಿಸಿಲು. ಹಣ್ಣು ಮುಟ್ಟಿದರೆ ಬೆಚ್ಚಗಿರುತ್ತಿತ್ತು. "ಅಲ್ಲೇ ಹೋಯ್ತು ನೋಡಿ" ಅಂದರು. ಬಿಸಿ ಹಣ್ಣಿನ ರಸ ಗಾಳಿಗೆ ಬೇಗ ಕಂದುತ್ತೆ. ಕ್ರೇಟಿನ ತಳದಲ್ಲಿ ಒಡೆದ ಹಣ್ಣು ಸಿಪ್ಪೆಯ ಒಗರನ್ನು ರಸಕ್ಕೆ ಬಿಡುತ್ತೆ. ಆಮೇಲೆ ಟ್ಯಾಂಕನ್ನು ಎಷ್ಟು ತಣ್ಣಗಿಟ್ಟರೂ ಹೋದ ವಾಸನೆ ವಾಪಸ್ ಬರಲ್ಲ. ಶಿರಾಜ್‌ನ ದಪ್ಪ ಸಿಪ್ಪೆಗೆ, ಕೆಂಪು ವೈನಿಗೆ ಇದು ಅಷ್ಟು ಕಾಣುವುದಿಲ್ಲ. ಬಿಳಿ ವೈನಿನಲ್ಲಿ ಮುಚ್ಚಿಡಲು ಜಾಗ ಇಲ್ಲ. ಅವರು ಹೇಳಿದ್ದನ್ನೆಲ್ಲ ಪಟ್ಟಿಯ ಹಿಂಬದಿಯಲ್ಲೇ ಬರೆದುಕೊಂಡೆ. ಆ ಹಾಳೆ ಈಗಲೂ ಪ್ರೆಸ್ಸಿನ ಪಕ್ಕದ ಗೋಡೆಗೆ ಅಂಟಿಸಿದೆ. ಕಂಚಿನ ಪ್ರಮಾಣಪತ್ರ ಮನೆಯಲ್ಲಿದೆ.

ಕೊನೆಗೆ ಇಡ್ಲಿ ತಿಂದೆ, ಎರಡು ಕಾಫಿ ಕುಡಿದೆ. ಅಪ್ಪನಿಗೆ ಫೋನ್ ಮಾಡಿ ಕಂಚಿನ ಸುದ್ದಿ ಹೇಳಿದೆ. ಅವರು ಒಂದು ಹನಿಯೂ ಕುಡಿದವರಲ್ಲ. "ಇನ್ನೊಂದು ಏನಾಯ್ತು?" ಅಂದರು. ಹೇಳಿದೆ. "ಬಿಸಿಲಲ್ಲಿ ಕೊಯ್ದ ಹಣ್ಣು ಮಾರ್ಕೆಟ್‌ಗೇ ತಗೊಂಡು ಹೋಗ್ತಿರಲಿಲ್ಲ ನಾವು" ಅಂದರು. ಬೆಂಗಳೂರು ಬ್ಲೂ ದಿನಗಳಲ್ಲಿ ಕಲಾಸಿಪಾಳ್ಯಕ್ಕೆ ಹೊರಡಬೇಕಾದ ಹಣ್ಣನ್ನು ಹೊತ್ತು ಏರುವ ಮೊದಲೇ ಕಿತ್ತು ನೆರಳಿಗೆ ಹಾಕುತ್ತಿದ್ದದ್ದು ನನಗೆ ಆಗ ನೆನಪಾಯಿತು.

ಮುಂದಿನ ವರ್ಷ ಶೆನಿನ್ ಕೊಯ್ಲನ್ನು ರಾತ್ರಿಗೆ ಇಟ್ಟೆ. ಹೇಳಿದಷ್ಟು ಸುಲಭ ಇರಲಿಲ್ಲ. "ಕತ್ತಲಲ್ಲಿ ಹಾವಿದ್ರೆ ಏನಣ್ಣಾ ಮಾಡೋದು?" ಅಂತ ಕೊಯ್ಲಿಗೆ ಬರುವ ಅಕ್ಕಂದಿರು ಕೇಳಿದರು. ನ್ಯಾಯವಾದ ಮಾತು. ಹಿಂದಿನ ವಾರವೇ ಸಾಲುಗಳ ಮಧ್ಯದ ಹುಲ್ಲು ತೆಗೆಸಿದೆ. ಎಲ್ಲರಿಗೂ ಗಮ್ ಬೂಟು, ಹಣೆಗೆ ಕಟ್ಟುವ ಟಾರ್ಚು ಕೊಟ್ಟೆ. ಕೂಲಿ ಒಂದೂವರೆಪಟ್ಟು ಮಾಡಿದೆ. ಹೋಗಿ ಬರಲು ಗಾಡಿ, ನಾಲ್ಕು ಗಂಟೆಗೆ ಬಿಸಿ ಟೀ, ಬನ್ನು. ಆಳದ ಕ್ರೇಟು ಬಿಟ್ಟು ತೆಳ್ಳನೆಯವು ತಂದೆ, ತಳದ ಹಣ್ಣು ಒಡೆಯದ ಹಾಗೆ. ರಾತ್ರಿ ಎರಡಕ್ಕೆ ಕೊಯ್ಲು ಶುರು, ಆರೂವರೆಗೆ ಕೊನೆಯ ಕ್ರೇಟು ಪ್ರೆಸ್ಸಿನೊಳಗೆ.

ಅಪ್ಪ ನಿದ್ದೆ ಬಿಟ್ಟು ಬಂದಿದ್ದರು. ಮಫ್ಲರ್ ಸುತ್ತಿಕೊಂಡು ಕ್ರೇಟುಗಳ ಮಧ್ಯೆ ಓಡಾಡುತ್ತಾ ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಬೀಜವನ್ನು ಅಂಗೈಗೆ ಉಗುಳಿ ನನ್ನ ಟಾರ್ಚಿನ ಬೆಳಕಿಗೆ ಹಿಡಿದರು. ಬೀಜ ಪೂರ್ತಿ ಕಂದಾಗಿತ್ತು, ಅಂದರೆ ಹಣ್ಣು ಮಾಗಿತ್ತು. ಥರ್ಮಾಮೀಟರ್ ಚುಚ್ಚಿದೆ, 16 ಡಿಗ್ರಿ. ಪ್ರೆಸ್ಸಿನ ನಲ್ಲಿಯಿಂದ ಮೊದಲ ರಸ ಬಂತು. ಹೋದ ವರ್ಷ ಬೆಲ್ಲದ ನೀರಿನ ಹಾಗೆ ಇತ್ತು. ಈ ಸಲ ನಿಂಬೆ ಪಾನಕದ ಬಣ್ಣ. ಅಪ್ಪ ಒಂದು ಲೋಟ ಹಿಡಿದು ಕುಡಿದು, ಇನ್ನೊಂದು ಲೋಟ ತುಂಬಿ ಟೀ ಕುಡಿಯುತ್ತಾ ಕೂತಿದ್ದ ಅಕ್ಕಂದಿರ ಕಡೆ ನಡೆದರು.