ಹಲ್ಲು ಹುಳುಕಾಗಬಾರದೆಂದರೆ ಮೊದಲು ಚಹಾದ ಲೆಕ್ಕ ಇಡಿ

ಒಂದು ದಿನ ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಎದ್ದಾಗಿನಿಂದ ಮಲಗುವ ತನಕ ನೀರು ಬಿಟ್ಟು ಬೇರೆ ಏನು ಬಾಯಿಗೆ ಹೋದರೂ ಒಂದು ಗೆರೆ ಎಳೆಯಿರಿ. ಹೊಲಕ್ಕೆ ಹೋಗುವ ಮುಂಚೆ ಚಹಾ, ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಚಹಾ, ಬಿಸಿಲಿಗೆ ಒಂದು ತಂಪು ಪಾನೀಯ, ಬಾಯಾಡಿಸಲು ಶೇಂಗಾ-ಬೆಲ್ಲ, ಸಂಜೆ ಮಂಡಕ್ಕಿ-ಮಿರ್ಚಿ, ಅದರ ಹಿಂದೆಯೇ ಮತ್ತೆ ಚಹಾ. ಹಲ್ಲಿನ ಮಟ್ಟಿಗೆ ಈ ಗೆರೆಗಳ ಸಂಖ್ಯೆಯೇ ಮುಖ್ಯ, ಸಕ್ಕರೆಯ ತೂಕ ಆಮೇಲೆ.

ಕಾರಣ ಇಷ್ಟೇ. ಹಲ್ಲಿಗೆ ಅಂಟಿದ ತೆಳು ಪದರದಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ಸಿಕ್ಕ ಕೆಲವೇ ನಿಮಿಷದಲ್ಲಿ ಆಮ್ಲ ಮಾಡುತ್ತವೆ. ಅಲ್ಲಿನ ಪಿಎಚ್ (ಆಮ್ಲ ಅಳೆಯುವ ಅಂಕ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟರೊಳಗೆ ಇನ್ನೊಂದು ಗುಟುಕು ಸಿಹಿ ಚಹಾ ಬಿದ್ದರೆ ರಿಪೇರಿ ಅಲ್ಲಿಗೇ ನಿಲ್ಲುತ್ತದೆ. ಊಟದ ಜೊತೆ ಎರಡು ಶೇಂಗಾ ಹೋಳಿಗೆ ತಿಂದು ಮುಗಿಸುವುದಕ್ಕಿಂತ, ದಿನವಿಡೀ ಸ್ವಲ್ಪ ಸ್ವಲ್ಪ ಸಿಹಿ ಬಾಯಿಗೆ ಹಾಕಿಕೊಳ್ಳುತ್ತಿರುವುದು ಹೆಚ್ಚು ಕೆಡುಕು. ಬೆಲ್ಲ, ಜೇನು ಒಳ್ಳೆಯದೆಂದುಕೊಂಡರೂ ಹಲ್ಲಿಗೆ ಅವೂ ಸಕ್ಕರೆಯೇ. ಬಿಸ್ಕತ್ತು, ಮಂಡಕ್ಕಿ ನೆನೆದು ದವಡೆ ಹಲ್ಲಿನ ಸೀಳುಗಳಲ್ಲಿ ಕೂರುತ್ತವೆ, ಅವುಗಳ ಪಿಷ್ಟವೂ ಬಾಯಲ್ಲೇ ಸಕ್ಕರೆಯಾಗುತ್ತದೆ.

ಹಾಗಾಗಿ ಸಿಹಿಯನ್ನು ಊಟದ ಹೊತ್ತಿಗೇ ಸೇರಿಸಿ. ನಡುವಿನ ಚಹಾ ಬೇಕೇ ಬೇಕೆಂದರೆ ಸಕ್ಕರೆ ಬಿಟ್ಟು ಕುಡಿಯಿರಿ, ಆಗದಿದ್ದರೆ ಒಮ್ಮೆಲೇ ಕುಡಿದು ಮುಗಿಸಿ ನೀರಿನಿಂದ ಬಾಯಿ ಮುಕ್ಕಳಿಸಿ. ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ದೇಹಕ್ಕೆ ನೀರು ಸಾಲದೆ ಜೊಲ್ಲು ಕಡಿಮೆಯಾಗುತ್ತದೆ. ಒಣಗಿದ ಬಾಯಿಗೆ ಕಬ್ಬಿನ ಹಾಲು ಅಥವಾ ಬಾಟಲಿ ಪಾನೀಯ ಬಿದ್ದರೆ ತೊಳೆಯುವವರೇ ಇರುವುದಿಲ್ಲ. ಬಾಯಾರಿಕೆಗೆ ಮೊದಲು ನೀರು, ಆಮೇಲೆ ಮಜ್ಜಿಗೆ.

ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕು. ಅದರಲ್ಲಿ ರಾತ್ರಿಯದನ್ನು ತಪ್ಪಿಸಲೇಬಾರದು, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ತೀರ ಕಡಿಮೆ. ಮೆತ್ತನೆಯ ಬ್ರಶ್, ಬಟಾಣಿ ಕಾಳಿನಷ್ಟು ಫ್ಲೋರೈಡ್ (ಹಲ್ಲು ಗಟ್ಟಿಯಾಗಿಸುವ ಖನಿಜ) ಇರುವ ಪೇಸ್ಟ್, ಎರಡು ನಿಮಿಷ. ಬ್ರಶ್ಶನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಸಣ್ಣ ಸಣ್ಣ ಸುತ್ತು ಹಾಕಿ. ಎಲ್ಲರೂ ಬಿಡುವ ಜಾಗ ಎರಡು: ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ಮೇಲಿನ ಕೊನೆಯ ದವಡೆ ಹಲ್ಲಿನ ಕೆನ್ನೆ ಕಡೆಯ ಬದಿ. ಕೊನೆಗೆ ನೊರೆ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ. ಉಳಿದ ಫ್ಲೋರೈಡ್ ರಾತ್ರಿಯಿಡೀ ಕೆಲಸ ಮಾಡಲಿ. ಲಿಂಬು ಸೋಡಾ ಕುಡಿದ ತಕ್ಷಣ ಉಜ್ಜಿದರೆ ಮೆತ್ತಗಾದ ಎನಾಮಲ್ ಸವೆಯುತ್ತದೆ, ಅರ್ಧ ಗಂಟೆ ತಡೆಯಿರಿ. ಬೇವಿನ ಕಡ್ಡಿ ಕೆಟ್ಟದ್ದಲ್ಲ, ಆದರೆ ಹಲ್ಲಿನ ಸಂದಿಗೆ ಮುಟ್ಟುವುದಿಲ್ಲ, ಅದರಲ್ಲಿ ಫ್ಲೋರೈಡೂ ಇಲ್ಲ. ಬೆಳಿಗ್ಗೆ ಕಡ್ಡಿ ಬಳಸುವವರು ರಾತ್ರಿ ಪೇಸ್ಟ್ ಬಳಸಿ. ಇದ್ದಿಲು, ಇಟ್ಟಿಗೆ ಪುಡಿ, ಸಂದಿಗೆ ಸೇಫ್ಟಿ ಪಿನ್ನು, ಕಸಬರಿಗೆ ಕಡ್ಡಿ ಬೇಡವೇ ಬೇಡ.

ನಮ್ಮ ರಾಯಚೂರು-ಬಳ್ಳಾರಿ ಭಾಗಕ್ಕೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಇಲ್ಲಿನ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರ ತನಕ. ಮಕ್ಕಳ ಕಾಯಂ ಹಲ್ಲು ದವಡೆಯೊಳಗೆ ಬೆಳೆಯುವ ಮೊದಲ ಎಂಟು ವರ್ಷ ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಬಿಳಿ ಗೆರೆ, ಹಳದಿ-ಕಂದು ಕಲೆ ಬರುತ್ತವೆ. ಅದು ಹುಳುಕಲ್ಲ, ಕೊಳೆಯೂ ಅಲ್ಲ. ಎಷ್ಟು ತಿಕ್ಕಿದರೂ ಹೋಗದು, ತಿಕ್ಕಿದಷ್ಟೂ ಹಲ್ಲು ಸವೆಯುತ್ತದೆ. ಗುರುತು ಹಿಡಿಯುವುದು ಸುಲಭ: ಫ್ಲೋರೈಡ್ ಕಲೆ ಎಡಬಲ ಎರಡೂ ಕಡೆಯ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಇರುತ್ತದೆ. ಹುಳುಕು ಸೀಳು, ಸಂದಿ, ವಸಡಿನ ಅಂಚಿನಲ್ಲಿ ಶುರುವಾಗುತ್ತದೆ, ಊಟ ಸಿಕ್ಕಿಕೊಳ್ಳುತ್ತದೆ, ತಣ್ಣೀರಿಗೆ ಜುಮ್ಮೆನ್ನುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆಯ ವರದಿ ಕೇಳಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯಲು, ಅಡುಗೆಗೆ ಎರಡಕ್ಕೂ ಆರ್‌ಒ ಘಟಕದ ನೀರು ತನ್ನಿ. ಇದಕ್ಕೆ ಹೆದರಿ ದೊಡ್ಡವರು ಪೇಸ್ಟ್ ಬಿಡಬೇಕಿಲ್ಲ, ಬೆಳೆದ ಹಲ್ಲಿಗೆ ಪೇಸ್ಟಿನಿಂದ ಇಂಥ ಕಲೆ ಬರುವುದಿಲ್ಲ. ಮಕ್ಕಳು ನುಂಗದಂತೆ ಮಾತ್ರ ಕಾಯಬೇಕು: ಮೂರು ವರ್ಷದ ತನಕ ಅಕ್ಕಿ ಕಾಳಿನಷ್ಟು, ಆರರ ತನಕ ಬಟಾಣಿಗಿಂತ ಹೆಚ್ಚು ಬೇಡ. ಫ್ಲೋರೈಡ್ ನೀರಿನ ಊರಾದರೆ ಪುಟ್ಟ ಮಕ್ಕಳ ಪೇಸ್ಟ್ ಬಗ್ಗೆ ದಂತ ವೈದ್ಯರನ್ನೇ ಕೇಳಿ.

ಕೂಸಿನ ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ, ಮೇಲಿನ ಮುಂದಿನ ಹಲ್ಲು ಮೊದಲು ಹೋಗುವುದು ಹೀಗೆ. ಆರನೇ ವರ್ಷದಲ್ಲಿ ಹಾಲು ಹಲ್ಲುಗಳ ಹಿಂದೆ ಬರುವ ದವಡೆ ಹಲ್ಲನ್ನು ಬಹಳ ತಂದೆತಾಯಿ ಹಾಲು ಹಲ್ಲೆಂದೇ ತಿಳಿದು ಬಿಟ್ಟುಬಿಡುತ್ತಾರೆ. ಅದು ಕಾಯಂ ಹಲ್ಲು, ಬಿದ್ದರೆ ಮತ್ತೆ ಬಾರದು. ಅದರ ಆಳ ಸೀಳುಗಳನ್ನು ಸೀಲಂಟ್ (ಸೀಳು ಮುಚ್ಚುವ ತೆಳು ಲೇಪ) ಹಾಕಿ ಮುಚ್ಚಿಸಬಹುದು, ಕೊರೆಯುವ ಕೆಲಸ ಇಲ್ಲ, ನೋವೂ ಇಲ್ಲ. ಏಳೆಂಟು ವರ್ಷದ ತನಕ ರಾತ್ರಿ ನೀವೇ ಉಜ್ಜಿಸಿ.

ಗುಟ್ಕಾ, ತಂಬಾಕು ಹಾಕುವವರ ವಸಡಿನಲ್ಲಿ ರಕ್ತ ಬಾರದಿದ್ದರೂ ರೋಗ ಒಳಗೇ ಬೆಳೆಯುತ್ತಿರಬಹುದು. ಅಡಿಕೆ ಜಗಿಯುವವರ ಬಾಯಿಗೆ ಒಂದರ ಮೇಲೊಂದು ಜೋಡಿಸಿದ ಮೂರು ಬೆರಳು ಹೋಗದಿದ್ದರೆ ತಡಮಾಡದೆ ತೋರಿಸಿ.

ನೋವು ಬಂದಾಗ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ವಸಡಿನ ಮೇಲೆ ಮಾತ್ರೆ ಇಟ್ಟರೆ ಚರ್ಮ ಸುಡುತ್ತದೆ. ಲವಂಗದ ಎಣ್ಣೆ ತಾತ್ಕಾಲಿಕ. ಸಂತೆಗಳಲ್ಲಿ ಹಲ್ಲಿನಿಂದ ಹುಳ ತೆಗೆದು ತೋರಿಸುವವರನ್ನು ನಂಬಬೇಡಿ, ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ನೋವು ತಾನಾಗಿ ನಿಂತರೆ ವಾಸಿಯಾಯಿತೆಂದಲ್ಲ, ಎಷ್ಟೋ ಸಲ ಒಳಗಿನ ನರ ಸತ್ತಿರುತ್ತದೆ. ಮುಖ ಊದಿ ಜ್ವರ ಬಂದರೆ, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜೇ ಇದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಿ, ಆದರೆ ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.